ಪ್ಲೇಟ್ ಫಿಲ್ಟರ್ ಇರುವ ಫಿಶ್ ಟ್ಯಾಂಕಿನಲ್ಲಿ ಜೀವಂತ ಗಿಡ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲಿನ ಕೆಳಗೆ ತೂತಿನ ಪ್ಲೇಟ್, ಮೂಲೆಯಲ್ಲಿ ಗುಳ್ಳೆ ಏಳುವ ಪೈಪ್. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೇ ಅಂಡರ್‌ಗ್ರಾವೆಲ್ ಫಿಲ್ಟರ್ ನಡೆಯುತ್ತಿದೆ. ಅಂಥ ಟ್ಯಾಂಕಿನಲ್ಲಿ ಗಿಡ ಹಚ್ಚಲು ಹೊರಟವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಕೊಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಪಳಗಿದವರು ಸೀದಾ ಕೊನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವ ಮುಂಚೆ

ಪ್ಲೇಟ್ ಫಿಲ್ಟರ್ ಇದ್ದಲ್ಲಿ ಗಿಡ ಬೆಳೆಯೂದೇ ಇಲ್ಲ ಅಂತಾರಲ್ಲ ಸರ್, ಖರೇನಾ?

ಅರ್ಧ ಖರೆ. ಗಿಡ ಬೆಳೆಯುತ್ತವೆ, ಆದರೆ ಎಲ್ಲ ಗಿಡವೂ ಅಲ್ಲ. ಬೇರಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಗಿಡವನ್ನು ಬರೀ ಕಲ್ಲಿನಲ್ಲಿ ನೆಟ್ಟರೆ ಅದು ಸೊರಗುತ್ತದೆ. ಎಲೆಯಿಂದ ನೀರಿನಲ್ಲಿರುವ ಆಹಾರ ಹೀರುವ ಗಿಡಗಳಿಗೆ ಕೆಳಗೆ ಪ್ಲೇಟ್ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. "ಆಗೂದಿಲ್ಲ" ಅನ್ನುವವರು ಸಾಮಾನ್ಯವಾಗಿ ಅಮೆಜಾನ್ ಸ್ವೋರ್ಡ್ ತಂದು, ಬಣ್ಣದ ಕಲ್ಲಿನಲ್ಲಿ ಚುಚ್ಚಿ, ತಿಂಗಳೊಪ್ಪತ್ತಿನಲ್ಲಿ ಕಳೆದುಕೊಂಡವರು. ನನ್ನ ಅಭಿಪ್ರಾಯ ಇಷ್ಟೇ: ಕಲ್ಲಿನ ಹಾಸನ್ನು ಫಿಲ್ಟರಿಗೆ ಬಿಟ್ಟುಬಿಡಿ, ಗಿಡಕ್ಕೆ ಬೇರೆ ಜಾಗ ಮಾಡಿಕೊಡಿ. ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಈ ಮಾತಿನ ವಿವರವೇ.

ಈ ಫಿಲ್ಟರ್ ಒಳಗ ಏನ್ ಮಾಡತೈತಿ? ಬರೀ ಗುಳ್ಳಿ ಬರೂದು ಕಾಣ್ತದ.

ಗುಳ್ಳೆ ಪೈಪಿನಲ್ಲಿ ಮೇಲೇರುವಾಗ ತನ್ನ ಜೊತೆ ನೀರನ್ನೂ ಎತ್ತುತ್ತದೆ. ಆ ಜಾಗ ತುಂಬಲು ಪ್ಲೇಟಿನ ಕೆಳಗಿನ ನೀರು ಪೈಪಿಗೆ ಬರುತ್ತದೆ, ಅದರ ಜಾಗಕ್ಕೆ ಮೇಲಿನ ನೀರು ಕಲ್ಲಿನ ಸಂದಿಯಿಂದ ಇಳಿಯುತ್ತದೆ. ಹೀಗೆ ಟ್ಯಾಂಕಿನ ನೀರೆಲ್ಲ ನಿಧಾನವಾಗಿ ಕಲ್ಲಿನ ಮೂಲಕ ಹಾಯುತ್ತಲೇ ಇರುತ್ತದೆ.

ನಿಜವಾದ ಕೆಲಸ ಮಾಡುವುದು ಕಲ್ಲಿನ ಮೇಲೆ ಅಂಟಿ ಬದುಕುವ ಬ್ಯಾಕ್ಟೀರಿಯಾ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಕಡಿಮೆ ಇದ್ದರೆ ತೊಂದರೆ ಇಲ್ಲ, ಗಿಡಕ್ಕೆ ಅದು ಗೊಬ್ಬರ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಪೂರ್ತಿ ನೆಲೆ ನಿಲ್ಲಲು 4ರಿಂದ 6 ವಾರ ಬೇಕು. ಗಿಡಗಳು ಅಮೋನಿಯಾವನ್ನೂ ನೇರವಾಗಿ ಹೀರುತ್ತವೆ. ಹಾಗಾಗಿ ಮೊದಲ ದಿನದಿಂದಲೇ ಒಂದಿಷ್ಟು ಗಿಡ ಇದ್ದರೆ ಮೀನಿಗೆ ಆ ಕಷ್ಟದ ದಿನಗಳು ಸ್ವಲ್ಪ ಹಗುರ.

ಫಸ್ಟ್ ಟೈಮ್ ಹಚ್ಚಾಕತ್ತೀನಿ, ಯಾವ ಗಿಡ ತರ್ಲಿ?

ಜಾವಾ ಫರ್ನ್ ಮತ್ತು ಅನುಬಿಯಾಸ್. ಕಣ್ಣು ಮುಚ್ಚಿ ತನ್ನಿ. ಇವೆರಡಕ್ಕೂ ಮಣ್ಣು ಬೇಡ. ದಪ್ಪನೆಯ ಹಸಿರು ಕಾಂಡ ಅಡ್ಡಕ್ಕೆ ಹಬ್ಬುತ್ತದೆ, ಶುಂಠಿ ಗಡ್ಡೆ ನೆಲದ ಮೇಲೆ ಮಲಗಿದ ಹಾಗೆ. ಆ ಕಾಂಡವನ್ನು ಕಲ್ಲಿನಲ್ಲಿ ಹೂತರೆ ಕೊಳೆಯುತ್ತದೆ. ಒಂದು ಕಲ್ಲಿಗೋ ಕಟ್ಟಿಗೆ ತುಂಡಿಗೋ ಹೊಲಿಗೆ ದಾರದಿಂದ ಸಡಿಲವಾಗಿ ಕಟ್ಟಿ ಇಟ್ಟರೆ ಒಂದೆರಡು ತಿಂಗಳಲ್ಲಿ ಬೇರು ತಾನೇ ಹಿಡಿಯುತ್ತದೆ. ಹತ್ತಿ ದಾರ ಆದರೆ ಆಮೇಲೆ ಕರಗಿ ಹೋಗುತ್ತದೆ, ಬಿಚ್ಚುವ ಕೆಲಸವೂ ಇಲ್ಲ. ಎರಡೂ ತಡವಾಗಿ ಬೆಳೆಯುವ ಗಿಡ. ಅನುಬಿಯಾಸ್ ತಿಂಗಳಿಗೆ ಒಂದೆರಡು ಎಲೆ ಬಿಟ್ಟರೆ ಅದೇ ದೊಡ್ಡದು, ಗಾಬರಿ ಬೇಡ.

ಬೇಗ ಬೆಳೆಯುವುದೂ ಒಂದು ಬೇಕು ಅಂದರೆ ಹಾರ್ನ್‌ವರ್ಟ್ ಅಥವಾ ಹೈಡ್ರಿಲ್ಲಾ. ಇವು ಬೇರಿನ ಗೊಡವೆಗೆ ಹೋಗುವುದಿಲ್ಲ, ನೀರಿನಲ್ಲಿ ತೇಲಿಬಿಟ್ಟರೂ ಬೆಳೆಯುತ್ತವೆ, ನೈಟ್ರೇಟ್ ಗಬಗಬ ತಿನ್ನುತ್ತವೆ. ಜಾವಾ ಮಾಸ್ ಇದ್ದರೆ ಗಪ್ಪಿ ಮರಿಗಳಿಗೆ ಅಡಗುವ ಜಾಗ ಆಯಿತು. ವಾಟರ್ ವಿಸ್ಟೀರಿಯಾ ನಮ್ಮ ದೇಶದ್ದೇ ಗಿಡ. ಕಲ್ಲಿನಲ್ಲೂ ನಿಲ್ಲುತ್ತದೆ, ತೇಲಿಯೂ ಬದುಕುತ್ತದೆ.

ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್, ತಾವರೆ ಜಾತಿಯ ಗಡ್ಡೆಗಳನ್ನು ಮಾತ್ರ ಕುಡಿಕೆಯಲ್ಲಿ ಹಚ್ಚಿ. ಅದರ ವಿವರ ಕೆಳಗಿದೆ. ನೆಲದ ಮೇಲೆ ಹುಲ್ಲಿನ ಹಾಸಿನಂತೆ ಹಬ್ಬುವ ಸಣ್ಣ ಗಿಡಗಳ ಆಸೆಯನ್ನು ಈ ಫಿಲ್ಟರ್ ಇರುವವರೆಗೆ ಬಿಟ್ಟುಬಿಡುವುದೇ ವಾಸಿ.

ಕಲ್ಲು ಎಷ್ಟು ದಪ್ಪ ಹಾಕಬೇಕು? ಹಳ್ಳದ ಉಸುಕು ನಡೀತದೇನು?

2ರಿಂದ 4 ಮಿಲಿಮೀಟರ್ ಗಾತ್ರದ ಕಲ್ಲು, ಸುಮಾರು 6ರಿಂದ 8 ಸೆಂಟಿಮೀಟರ್ ದಪ್ಪ. ಉಸುಕು ಬೇಡ. ಪ್ಲೇಟಿನ ತೂತಿನಿಂದ ಕೆಳಗೆ ಸೋರಿ ಅಲ್ಲೇ ಗಟ್ಟಿಯಾಗುತ್ತದೆ, ನೀರು ಹಾಯುವುದು ನಿಲ್ಲುತ್ತದೆ. ತೀರಾ ದಪ್ಪ ಕಡಿಯೂ ಬೇಡ, ಸಂದಿಯಲ್ಲಿ ಆಹಾರ ಬಿದ್ದು ಕೊಳೆಯುತ್ತದೆ.

ಹಳ್ಳದ ದಂಡೆಯಿಂದ ಕಲ್ಲು ಆರಿಸಿ ತರುವವರು ಒಂದು ಪರೀಕ್ಷೆ ಮಾಡಿ. ಎರಿ ಮಣ್ಣಿನ ಸೀಮೆಯಲ್ಲಿ ಸುಣ್ಣದ ಹರಳು ಜಾಸ್ತಿ. ಒಣಗಿದ ಕಲ್ಲಿನ ಮೇಲೆ ಲಿಂಬೆರಸ ಹಿಂಡಿ. ಚುರ್ ಅಂತ ನೊರೆ ಬಂದರೆ ಸುಣ್ಣ ಇದೆ, ಟ್ಯಾಂಕಿಗೆ ಹಾಕಿದರೆ ನೀರು ದಿನದಿಂದ ದಿನಕ್ಕೆ ಗಡಸಾಗುತ್ತದೆ. ನೊರೆ ಬರದಿದ್ದರೆ ನಾಲ್ಕಾರು ನೀರಿನಲ್ಲಿ ತೊಳೆದು ಹಾಕಿ.

ಬಣ್ಣದ ಕಲ್ಲು ಹಾಕಿದ್ರ ಗಿಡಕ್ಕ ತೊಂದ್ರೀನಾ?

ಬಣ್ಣ ಬಿಡದ ಕಲ್ಲಾದರೆ ಇಲ್ಲ. ಒಂದು ಹಿಡಿ ಬಿಳಿ ಬಟ್ಟಲಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೀರಿನ ಬಣ್ಣ ನೋಡಿ. ಚಂದದ ಮಾತು ಬೇರೆ. ನೀಲಿ ಕಲ್ಲಿನ ಮೇಲೆ ಹಸಿರು ಗಿಡ ನನಗಂತೂ ಕಣ್ಣಿಗೆ ಹಿತ ಅನ್ನಿಸುವುದಿಲ್ಲ.

ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ ಬರ್ತದ, ಉಳಿದ ದಿನ ಬೋರಿಂದು. ಯಾವುದು ಹಾಕ್ಲಿ?

ಹುಬ್ಬಳ್ಳಿ-ಧಾರವಾಡಕ್ಕೆ ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭಾ ನೀರು. ಬೋರಿಗೆ ಹೋಲಿಸಿದರೆ ಇದು ಮೆದು, ಗಿಡಕ್ಕೆ ಒಳ್ಳೆಯದು. ತೊಂದರೆ ಇರುವುದು ಅದರಲ್ಲಿರುವ ಕ್ಲೋರಿನ್‌ನಲ್ಲಿ. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ. ಅವಸರ ಇದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಒಂದೆರಡು ಹಾಕಿ ಕಲಕಿ. ಮಳೆಗಾಲದಲ್ಲಿ ಹೊಳೆಗೆ ರಾಡಿ ನೀರು ಬಂದಾಗ ಕ್ಲೋರಿನ್ ವಾಸನೆ ಜೋರಾಗಿಯೇ ಇರುತ್ತದೆ, ಆಗ ಹರಳು ತಪ್ಪಿಸಬೇಡಿ. ಕ್ಲೋರಿನ್ ಮೀನಿನ ಕಿವಿರನ್ನಷ್ಟೇ ಅಲ್ಲ, ಕಲ್ಲಿನ ಮೇಲಿನ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ. ಪ್ಲೇಟ್ ಫಿಲ್ಟರಿನವರಿಗೆ ಆ ಹೊಡೆತ ದೊಡ್ಡದು.

ಬೋರ್ ನೀರು ಗಡಸು. ಬಕೆಟ್ಟಿಗೆ, ಗೀಸರಿಗೆ ಬಿಳಿ ಪದರ ಕಟ್ಟುವ ಮನೆಯವರಿಗೆ ಹೇಳುವುದೇ ಬೇಡ. ಮೊಲಿ, ಗಪ್ಪಿ, ಪ್ಲಾಟಿಗೆ ಆ ನೀರು ಇಷ್ಟ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಗಿಡಗಳೂ ಅದರಲ್ಲಿ ಆರಾಮ ಇರುತ್ತವೆ. ಉಳಿದವಕ್ಕೆ ತಾರಸಿಯ ಮಳೆನೀರನ್ನು ಅರ್ಧಕ್ಕರ್ಧ ಬೆರೆಸಿ. ಮೊದಲ ಒಂದೆರಡು ಮಳೆಯ ನೀರನ್ನು ಬಿಟ್ಟುಬಿಡಿ, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಗದಗ ಕಡೆಯ ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಗೊತ್ತಿರುವ ವಿಷಯ. ಮನೆಯವರು ಕುಡಿಯಲು ಆ ನೀರು ಬಳಸದಿದ್ದರೆ ಟ್ಯಾಂಕಿಗೂ ಸುಮ್ನೆ ಅದನ್ನೇ ತುಂಬಬೇಡಿ.

## ಗಿಡ ಹಚ್ಚುವಾಗ

ಸ್ವೋರ್ಡ್ ಗಿಡ ಬೇಕೇ ಬೇಕು ಅಂದ್ರ ಏನ್ ಮಾಡ್ಲಿ?

ಕುಡಿಕೆಯಲ್ಲಿ ಹಚ್ಚಿ. ಕುಂಬಾರರ ಹತ್ತಿರ ಸಿಗುವ ಮೂರು-ನಾಲ್ಕು ಇಂಚು ಬಾಯಿಯ ಮಣ್ಣಿನ ಕುಡಿಕೆ ಸಾಕು. ಬಣ್ಣ ಬಳಿದದ್ದು ಬೇಡ. ಮೊದಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ತಳದಲ್ಲಿ ತೂತಿದ್ದರೆ ಒಡೆದ ಹಂಚಿನ ಚೂರು ಮುಚ್ಚಿ.

ಮಣ್ಣು ಮಸಾರಿ ಹೊಲದ್ದಾಗಿರಲಿ. ಎರಿ ಮಣ್ಣು ಬೇಡವೇ ಬೇಡ. ಅದು ನೆನೆದರೆ ಉಬ್ಬುತ್ತದೆ, ಸ್ವಲ್ಪ ಅಲುಗಿದರೂ ನೀರೆಲ್ಲ ಕಪ್ಪು ರಾಡಿ. ಕೆಂಪು ಮಣ್ಣನ್ನು ಜರಡಿ ಹಿಡಿದು ಕಸಕಡ್ಡಿ ತೆಗೆಯಿರಿ. ಸೆಗಣಿ ಗೊಬ್ಬರ, ಎರೆಹುಳು ಗೊಬ್ಬರ ಸೇರಿಸುವ ಆಸೆ ಬೇಡ, ಮುಚ್ಚಿದ ಕುಡಿಕೆಯೊಳಗೆ ಕೊಳೆತು ಅಮೋನಿಯಾ ಬಿಡುತ್ತದೆ. ಇತ್ತೀಚೆಗೆ ಯೂರಿಯಾ ಚೆಲ್ಲಿದ, ಕಳೆನಾಶಕ ಹೊಡೆದ ಹೊಲದ ಮಣ್ಣೂ ಬೇಡ.

ಮಣ್ಣಿಗೆ ನೀರು ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ಕುಡಿಕೆಯ ಅರ್ಧಕ್ಕೆ ತುಂಬಿ. ಗಿಡದ ಬೇರು ಉದ್ದ ಇದ್ದರೆ ಎರಡು ಇಂಚು ಉಳಿಸಿ ಕತ್ತರಿಸಿ. ಬೇರನ್ನು ಮಣ್ಣಿನಲ್ಲಿ ಒತ್ತಿ. ಎಲೆ ಹೊರಡುವ ಬುಡ, ಅಂದರೆ ಬಿಳಿ ಕಾಂಡ ಹಸಿರಾಗುವ ಜಾಗ, ಮಣ್ಣಿನ ಮೇಲೇ ಇರಬೇಕು. ಆಮೇಲೆ ಒಂದು ಇಂಚು ತೊಳೆದ ಉಸುಕು ಹಾಕಿ ಮಣ್ಣು ಕಾಣದ ಹಾಗೆ ಮುಚ್ಚಿ. ಈಗ ಕುಡಿಕೆಯನ್ನು ಬಕೆಟ್ಟಿನಲ್ಲಿ ಓರೆಯಾಗಿ ಹಿಡಿದು ನಿಧಾನವಾಗಿ ಮುಳುಗಿಸಿ. ಬುಳುಬುಳು ಅಂತ ಗಾಳಿ ಹೊರಗೆ ಬರುತ್ತದೆ, ಅದು ಪೂರ್ತಿ ನಿಂತ ಮೇಲೆ ಟ್ಯಾಂಕಿಗೆ ಇಳಿಸಿ. ಈ ಒಂದು ಹೆಜ್ಜೆ ಬಿಟ್ಟರೆ ಗಾಳಿ ಟ್ಯಾಂಕಿನೊಳಗೇ ಸ್ಫೋಟಿಸಿ ಮಣ್ಣು ಎರಚುತ್ತದೆ.

ಕುಡಿಕೆಯನ್ನು ಪ್ಲೇಟಿಗೆ ತಾಗುವ ಹಾಗೆ ಹೂಳಬೇಡಿ. ಕಲ್ಲಿನ ಮೇಲೆ ಅರ್ಧ ಹುದುಗಿಸಿ, ಸುತ್ತ ನಾಲ್ಕು ದೊಡ್ಡ ಕಲ್ಲು ಇಟ್ಟರೆ ಕಾಣುವುದೂ ಇಲ್ಲ. ಕುಡಿಕೆ ಇಟ್ಟಲ್ಲಿ ನೀರು ಕೆಳಗೆ ಹಾಯುವುದಿಲ್ಲ, ಹಾಗಾಗಿ ಕುಡಿಕೆಗಳೆಲ್ಲ ಸೇರಿ ತಳದ ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚದಿರಲಿ. ಎರಡು ಅಡಿ ಟ್ಯಾಂಕಿಗೆ ಮೂರು ಕುಡಿಕೆ ಧಾರಾಳ.

ಅಂಗಡ್ಯಾಗ ಹಸಿರಾಗಿತ್ತು, ಮನೀಗೆ ತಂದು ವಾರದಾಗ ಎಲ್ಲಾ ಎಲಿ ಕರಗಿ ಹೋದ್ವು!

ಗಿಡ ಸತ್ತಿಲ್ಲ, ಬುಡ ಮುಟ್ಟಿ ನೋಡಿ. ಮಾರಾಟಕ್ಕೆ ಬೆಳೆಸುವ ಎಷ್ಟೋ ಗಿಡಗಳನ್ನು ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಆ ಎಲೆಗಳು ನೀರೊಳಗೆ ನಿಲ್ಲುವುದಿಲ್ಲ. ಹಳೆಯ ಎಲೆ ಕರಗಿ, ನೀರಿಗೆ ಹೊಂದುವ ಹೊಸ ಎಲೆ ಬರುತ್ತವೆ. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಾಯಿಸಿದರೂ, ನೀರು ಬದಲಾದರೂ ಎಲೆ ಉದುರಿಸುವ ಸಿಡುಕು ಗಿಡ. ಬುಡ ಗಟ್ಟಿ ಇದ್ದರೆ ಕೊಳೆತ ಎಲೆ ಮಾತ್ರ ಚಿವುಟಿ ತೆಗೆದು ಸುಮ್ಮನಿರಿ. ಬುಡವೇ ಮೆತ್ತಗಾಗಿ ನಾರುತ್ತಿದ್ದರೆ ಎಸೆಯಿರಿ.

ಗಿಡದ ಜೋಡಿ ಬಸವನಹುಳ ಬಂದಾವ, ಹೆಂಗ ತಡಿಯೂದು?

ಹೊಸ ಗಿಡವನ್ನು ಟ್ಯಾಂಕಿಗೆ ಹಾಕುವ ಮುಂಚೆ ಪಟಿಕದ ನೀರಿನಲ್ಲಿ ಎರಡು ದಿನ ಇಡಿ. ಒಂದು ಲೀಟರಿಗೆ ಒಂದು ಸಣ್ಣ ಚಮಚ ಪಟಿಕದ ಪುಡಿ ಸಾಕು. ಹಾರ್ನ್‌ವರ್ಟ್, ಮಾಸ್ ತರದ ನವಿರು ಗಿಡಕ್ಕೆ ಒಂದು ರಾತ್ರಿ ಸಾಕು. ಆಮೇಲೆ ಚೆನ್ನಾಗಿ ತೊಳೆಯಿರಿ. ಎಲೆಯ ಹಿಂದೆ ಅಂಟಿರುವ ಲೋಳೆಯಂಥ ಮೊಟ್ಟೆಯನ್ನು ಉಗುರಿನಿಂದ ಕೆರೆದು ತೆಗೆಯುವುದು ಇದಕ್ಕಿಂತ ಮೇಲು.

ಈಗಾಗಲೇ ಟ್ಯಾಂಕಿನೊಳಗೆ ಬಂದಿದ್ದರೆ ದೊಡ್ಡ ಅನಾಹುತವೇನಲ್ಲ. ಕಲ್ಲಿನೊಳಗೆ ಓಡಾಡುವ ಶಂಕುವಿನಾಕಾರದ ಸಣ್ಣ ಹುಳುಗಳು ಹಾಸನ್ನು ಸಡಿಲ ಇಡುತ್ತವೆ, ಪ್ಲೇಟ್ ಫಿಲ್ಟರಿಗೆ ಅದು ಉಪಕಾರವೇ. ತೀರಾ ಜಾಸ್ತಿ ಆದವು ಅಂದರೆ ನೀವು ಆಹಾರ ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ.

ಉಣಕಲ್ ಕೆರೀಲಿಂದ, ಕೆಲಗೇರಿ ಕೆರೀಲಿಂದ ಗಿಡ ತರಬಹುದಾ? ಪುಕ್ಕಟೆ ಸಿಗತಾವು.

ನಾನು ತರುವುದಿಲ್ಲ. ಊರೊಳಗಿನ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ. ಗಿಡದ ಜೊತೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ, ಮೀನಿನ ರೋಗ ಎಲ್ಲ ಬರುತ್ತವೆ. ಆ ಚಿಟ್ಟೆಯ ಮರಿ ನೀರಿನಲ್ಲಿ ಗಪ್ಪಿ ಮರಿಗಳನ್ನು ಹಿಡಿದು ತಿನ್ನುತ್ತದೆ. ತರಲೇಬೇಕು ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಬೇರೆ ಬಕೆಟ್ಟಿನಲ್ಲಿ ಎರಡು ವಾರ ಇಟ್ಟು ನೋಡಿ.

ಇದಕ್ಕಿಂತ ಮುಖ್ಯ, ನಿಮ್ಮ ಟ್ಯಾಂಕಿನ ಗಿಡವನ್ನು ಕೆರೆಗೆ ಎಸೆಯಬೇಡಿ. ಅಂತರಗಂಗೆ ತುಂಬಿದ ಕೆರೆ ನೋಡಿದ ಊರಿನವರಿಗೆ ಕಾರಣ ಹೇಳಬೇಕಿಲ್ಲ, ಅಲ್ವಾ? ಹೆಚ್ಚಾದದ್ದನ್ನು ತಾರಸಿಯಲ್ಲಿ ಒಣಗಿಸಿ ಹೂವಿನ ಕುಂಡಕ್ಕೆ ಹಾಕಿ.

ಲೈಟ್ ಎಷ್ಟ್ ಬೇಕು? ಕಿಟಕಿ ಹತ್ರ ಇಟ್ರ ಸಾಲ್ತದೇನು?

ಎರಡು ಅಡಿ ಟ್ಯಾಂಕಿಗೆ, ಮೇಲೆ ಹೇಳಿದ ಗಿಡಗಳಿಗೆ, 15ರಿಂದ 20 ವ್ಯಾಟಿನ ಬಿಳಿ ಎಲ್ಇಡಿ ಸಾಕು. ದಿನಕ್ಕೆ 8 ಗಂಟೆ. ನೀಲಿ-ಗುಲಾಬಿ ಬೆಳಕಿನ ಲೈಟು ಬೇಕಿಲ್ಲ. ಒಂದು ಟೈಮರ್ ಹಾಕಿಬಿಡಿ, ಮರೆತು ರಾತ್ರಿಯಿಡೀ ಉರಿಯುವುದು ತಪ್ಪುತ್ತದೆ.

ಕಿಟಕಿಯ ಬೆಳಕನ್ನು ನಂಬಿದರೆ ಏಪ್ರಿಲ್‌ನಲ್ಲಿ ಪಾಚಿ, ಜುಲೈನಲ್ಲಿ ಕತ್ತಲು. ಧಾರವಾಡದ ಮಳೆಗಾಲ ಗೊತ್ತಲ್ಲ, ವಾರಗಟ್ಟಲೆ ಮೋಡ. ನೇರ ಬಿಸಿಲು ಬೀಳದ ಗೋಡೆ ನೋಡಿ ಇಡಿ.

ಗಿಡ ತಿನ್ನದ ಮೀನು ಯಾವ್ವು?

ಗಪ್ಪಿ, ಪ್ಲಾಟಿ, ಮೊಲಿ, ಜೀಬ್ರಾ ಡೇನಿಯೊ, ಟೆಟ್ರಾ, ಸಣ್ಣ ಗೌರಾಮಿ ಸಾಮಾನ್ಯವಾಗಿ ಗಿಡದ ತಂಟೆಗೆ ಹೋಗುವುದಿಲ್ಲ. ಗೋಲ್ಡ್‌ಫಿಶ್ ಮೆತ್ತನೆಯ ಗಿಡವನ್ನೆಲ್ಲ ಮೇಯುತ್ತದೆ. ಅದರ ಜೊತೆ ಬಾಳುವುದು ಅನುಬಿಯಾಸ್, ಜಾವಾ ಫರ್ನ್ ತರದ ಗಟ್ಟಿ ಎಲೆಗಳು ಮಾತ್ರ. ಕಲ್ಲು ಅಗೆಯುವ ಸಿಕ್ಲಿಡ್‌ಗಳು ಪ್ಲೇಟ್ ಫಿಲ್ಟರಿಗೇ ಆಗಿಬರುವುದಿಲ್ಲ. ಒಂದು ಕಡೆ ಅಗೆದು ಪ್ಲೇಟ್ ಬಯಲು ಮಾಡಿದರೆ ನೀರೆಲ್ಲ ಆ ಸುಲಭದ ದಾರಿಯಲ್ಲೇ ಇಳಿಯುತ್ತದೆ, ಉಳಿದ ಕಲ್ಲು ವ್ಯರ್ಥ.

## ದಿನದ ಆರೈಕೆ

ಸ್ವಚ್ಛ ಮಾಡುವಾಗ ಗಿಡ, ಕಲ್ಲು ಎಲ್ಲಾ ಹೊರಗ ತೆಗೀಬೇಕೇನು?

ದಯವಿಟ್ಟು ಬೇಡ. ಭಾನುವಾರ ಕಲ್ಲನ್ನೆಲ್ಲ ಬುಟ್ಟಿಗೆ ಹಾಕಿ ನಳದ ಕೆಳಗೆ ತಿಕ್ಕಿ ತೊಳೆಯುವ ಪದ್ಧತಿಯಿಂದಲೇ ಸೋಮವಾರ ಮೀನು ಸಾಯುವುದು. ಬ್ಯಾಕ್ಟೀರಿಯಾ ಇರುವುದೇ ಆ ಕಲ್ಲಿನ ಮೇಲೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸೈಫನ್ ಪೈಪಿನ ಅಗಲ ಬಾಯನ್ನು ಕಲ್ಲಿನಲ್ಲಿ ಚುಚ್ಚಿ ಹೊಲಸು ಎಳೆಯಿರಿ. ಒಂದು ಸಲ ಎಡ ಅರ್ಧ, ಮುಂದಿನ ಸಲ ಬಲ ಅರ್ಧ. ಗಿಡದ ಬುಡದ ಸುತ್ತ ಮೂರು ಬೆರಳಷ್ಟು ಜಾಗ ಬಿಡಿ. ಅಲ್ಲಿ ಕೂಡಿದ ಕಂದು ಗಸಿ ಗಿಡಕ್ಕೆ ಆಹಾರ.

ಪ್ಲೇಟಿನ ಕೆಳಗೂ ಗಸಿ ಕೂಡುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಎರಡು-ಮೂರು ತಿಂಗಳಿಗೊಮ್ಮೆ ಪಂಪ್ ನಿಲ್ಲಿಸಿ, ಮೂಲೆಯ ಪೈಪಿನ ಒಳಗಿಂದ ಏರ್‌ಸ್ಟೋನ್, ಅಂದರೆ ಗುಳ್ಳೆ ಬಿಡುವ ಕಲ್ಲು, ತೆಗೆದು, ಒಂದು ತೆಳು ಟ್ಯೂಬನ್ನು ತಳದವರೆಗೆ ಇಳಿಸಿ ಸೈಫನ್ ಮಾಡಿ. ಬರುವ ನೀರಿನ ಬಣ್ಣ ನೋಡಿದರೆ ಕೆಲಸ ಎಷ್ಟು ಬೇಕಿತ್ತು ಅಂತ ತಿಳಿಯುತ್ತದೆ.

ಕರೆಂಟ್ ಹೋದ್ರ ಎಷ್ಟ್ ತಾಸು ತಡಿತಾವು?

ಒಂದೆರಡು ತಾಸು ಚಿಂತೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಪ್ಲೇಟ್ ಫಿಲ್ಟರಿನ ಕಥೆ ಬೇರೆ ಫಿಲ್ಟರ್‌ಗಳಿಗಿಂತ ಕಷ್ಟ. ನೀರು ಹಾಯುವುದು ನಿಂತರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕ ಮುಗಿಸಿ ತಾವೂ ಸಾಯತೊಡಗುತ್ತವೆ. ಹಗಲಾದರೆ ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಉಸಿರಾಡುವ ಪಾಲುದಾರರೇ.

ಬ್ಯಾಟರಿ ಏರ್ ಪಂಪ್ ದೊಡ್ಡ ಖರ್ಚಿನದಲ್ಲ, ಒಂದು ಇಟ್ಟುಕೊಳ್ಳಿ. ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಅದಕ್ಕೇ ಜೋಡಿಸಿ, ಅದು ಎಳೆಯುವುದು ಮೂರ್ನಾಲ್ಕು ವ್ಯಾಟ್ ಅಷ್ಟೇ. ರಾತ್ರಿಯಿಡೀ ನಿಂತಿದ್ದ ಫಿಲ್ಟರನ್ನು ಸೀದಾ ಚಾಲೂ ಮಾಡಬೇಡಿ. ಪ್ಲೇಟಿನ ಕೆಳಗೆ ನಿಂತ ನಾತದ ನೀರು ಮೊದಲು ಟ್ಯಾಂಕಿಗೇ ಬರುತ್ತದೆ. ಅದನ್ನು ಪೈಪಿನಿಂದ ಸೈಫನ್ ಮಾಡಿ ಹೊರಗೆ ಚೆಲ್ಲಿ ಆಮೇಲೆ ಪಂಪ್ ಹಾಕಿ.

ಇನ್ನೊಂದು ಮಾತು. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗೆ ಇದ್ದರೆ ಕರೆಂಟ್ ಹೋದ ತಕ್ಷಣ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೆ, ಅಲ್ಲಿಂದ ಬೋರ್ಡಿಗೆ ಬರಬಹುದು. ಪಂಪನ್ನು ಮೇಲೆ ತೂಗುಹಾಕಿ, ಇಲ್ಲವೇ ಟ್ಯೂಬಿನ ನಡುವೆ ನಾನ್-ರಿಟರ್ನ್ ವಾಲ್ವ್ ಹಾಕಿ.

ಬ್ಯಾಸಿಗ್ಯಾಗ ನೀರು ಕಾಯ್ತದ, ಗಿಡ ಸೊರಗತಾವು.

ಏಪ್ರಿಲ್-ಮೇ ಮಧ್ಯಾಹ್ನ ಹುಬ್ಬಳ್ಳಿ, ಗದಗದಲ್ಲಿ 37-38 ಡಿಗ್ರಿ ದಾಟುವುದುಂಟು. ಟ್ಯಾಂಕಿನ ನೀರು 30 ದಾಟಿದರೆ ಜಾವಾ ಫರ್ನ್, ಮಾಸ್ ಮೊದಲು ಕಂದಾಗುತ್ತವೆ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಗಾಳಿ ತಾಗುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ 2-3 ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ದಿನಾ ಸ್ವಲ್ಪ ತುಂಬಿ. ಮುಚ್ಚಳ ತೆಗೆದಿದ್ದರೆ ಹಾರುವ ಮೀನಿಗೆ ಮೇಲೆ ಒಂದು ಜಾಳಿಗೆ ಇರಲಿ. ಫ್ರಿಜ್ಜಿನ ಐಸ್ ಸುರಿಯಬೇಡಿ.

ಡಿಸೆಂಬರ್ ರಾತ್ರಿಯ ಚಳಿಗೆ ಗಿಡಕ್ಕೆ ಏನೂ ಆಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೇ. ಹೀಟರ್ ಬೇಕಾಗುವುದು ಮೀನಿಗೆ.

ಸೊಳ್ಳಿ ಸ್ಪ್ರೇ ಹೊಡದ್ರ ಏನಾಗತೈತಿ?

ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಸೊಳ್ಳೆ ಸ್ಪ್ರೇಯಲ್ಲಿರುವ ಔಷಧ ಮೀನಿಗೆ ಘೋರ ವಿಷ. ಹೊಡೆಯಲೇಬೇಕಾದರೆ ಪಂಪ್ ನಿಲ್ಲಿಸಿ, ಟ್ಯಾಂಕಿಗೆ ಒದ್ದೆ ಬಟ್ಟೆ ಮುಚ್ಚಿ, ಕೋಣೆಗೆ ಗಾಳಿ ಆಡಿದ ಮೇಲೆ ಚಾಲೂ ಮಾಡಿ. ಗೋಡೆಗೆ ಪೇಂಟ್ ಹೊಡೆಸುವಾಗಲೂ ಇದೇ ನಿಯಮ.

ಎಲಿ ಮ್ಯಾಲೆ ಪಾಚಿ ಕಟ್ಟೈತಿ. ಔಷಧ ಹಾಕ್ಲಾ?

ಪಾಚಿಯ ಔಷಧ ಗಿಡಕ್ಕೂ ಔಷಧವೇ, ಎರಡನ್ನೂ ಸಾಯಿಸುತ್ತದೆ. ಲೈಟನ್ನು 8 ಗಂಟೆಯಿಂದ 6ಕ್ಕೆ ಇಳಿಸಿ. ಮೀನಿನ ಆಹಾರ ಅರ್ಧ ಮಾಡಿ. ಒಂದು ಹಿಡಿ ಹಾರ್ನ್‌ವರ್ಟ್ ಹಾಕಿ. ಅನುಬಿಯಾಸ್ ಎಲೆಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಒರೆಸಿದರೆ ಹಸಿರು ಪಾಚಿ ಬರುತ್ತದೆ. ಕಪ್ಪು ಕೂದಲಿನಂಥದ್ದು ಬರುವುದಿಲ್ಲ, ಆ ಎಲೆ ಕತ್ತರಿಸಿಬಿಡಿ.

## ಸ್ವಲ್ಪ ಪಳಗಿದವರಿಗೆ

ಗಿಡಕ್ಕ ಗೊಬ್ಬರ ಏನ್ ಹಾಕೂದು? ಹೊಲಕ್ಕ ಹಾಕೂದು ನಡೀತದಾ?

ಕೆಲವು ನಡೆಯುತ್ತವೆ, ಆದರೆ ಯೂರಿಯಾ, ಡಿಎಪಿ ಮುಟ್ಟಬೇಡಿ. ಎರಡೂ ನೀರಿನಲ್ಲಿ ಅಮೋನಿಯಾ ಆಗುತ್ತವೆ, ಒಂದೇ ಚಿಟಿಕೆಗೆ ಮೀನು ತೇಲುತ್ತವೆ.

ಮೀನಿರುವ ಟ್ಯಾಂಕಿನಲ್ಲಿ ಸಾರಜನಕ, ರಂಜಕ ಸಾಮಾನ್ಯವಾಗಿ ಸಾಕಷ್ಟು ಇರುತ್ತದೆ. ಕೊರತೆ ಬೀಳುವುದು ಪೊಟ್ಯಾಸಿಯಂ ಮತ್ತು ಕಬ್ಬಿಣ. ಗೊಬ್ಬರದ ಅಂಗಡಿಯಲ್ಲಿ 0:0:50 ಅಂತ ಸಿಗುವ ನೀರಿನಲ್ಲಿ ಕರಗುವ ಗೊಬ್ಬರ ಪೊಟ್ಯಾಸಿಯಂ ಸಲ್ಫೇಟ್. ಎರಡು ಅಡಿ ಟ್ಯಾಂಕಿನಲ್ಲಿ ಕಲ್ಲು ಕಳೆದು 45-50 ಲೀಟರ್ ನೀರು ಇರುತ್ತದೆ. ಅದಕ್ಕೆ ವಾರಕ್ಕೆ ಅರ್ಧ ಗ್ರಾಂ ಸಾಕು, ಲೀಟರಿಗೆ ಸುಮಾರು 4.5 ಮಿಲಿಗ್ರಾಂ ಪೊಟ್ಯಾಸಿಯಂ ಆಯಿತು. ಗಿಡ ತುಂಬಿ, ಮೀನು ಕಡಿಮೆ ಇದ್ದು ನೈಟ್ರೇಟ್ ಸೊನ್ನೆಗೆ ಇಳಿದಿದ್ದರೆ ಮಾತ್ರ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್. 100 ಲೀಟರಿಗೆ ಒಂದು ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ 6 ಮಿಲಿಗ್ರಾಂ ಏರುತ್ತದೆ. ಚಮಚದ ಅಂದಾಜು ಬೇಡ, ಗ್ರಾಂ ತೂಗುವ ಪುಟ್ಟ ತಕ್ಕಡಿ ತನ್ನಿ.

ಕಬ್ಬಿಣದ ವಿಷಯ ಪ್ಲೇಟ್ ಫಿಲ್ಟರಿನವರಿಗೆ ವಿಶೇಷ. ಮುಚ್ಚಿದ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಕಬ್ಬಿಣ ಕರಗುವ ರೂಪದಲ್ಲಿ ಇರುತ್ತದೆ, ಬೇರಿಗೆ ಸಿಗುತ್ತದೆ. ನಮ್ಮ ಕಲ್ಲಿನ ಹಾಸಿನಲ್ಲಿ ಸದಾ ಗಾಳಿಯಾಡಿದ ನೀರು ಹಾಯುತ್ತದೆ. ಅಲ್ಲಿ ಕಬ್ಬಿಣ ತುಕ್ಕಾಗಿ ಕೂರುತ್ತದೆ, ಬೇರಿಗೆ ದಕ್ಕುವುದಿಲ್ಲ. ಬೇರಿನ ಗುಳಿಗೆ ಗೊಬ್ಬರ ಚುಚ್ಚಿದರೂ ಅಷ್ಟೇ, ಕರಗಿ ಪ್ಲೇಟಿನ ಕೆಳಗೆ ಹೋಗಿ ಪೈಪಿನಿಂದ ನೀರಿಗೆ ಬಂದು ಪಾಚಿಯ ಪಾಲಾಗುತ್ತದೆ. ಗುಳಿಗೆ ಹಾಕುವುದಾದರೆ ಕುಡಿಕೆಯೊಳಗೆ ಮಾತ್ರ ಹಾಕಿ. ಉಳಿದ ಗಿಡಗಳಿಗೆ ನೀರಿನಲ್ಲಿ ಕರಗಿ ನಿಲ್ಲುವ ಚಿಲೇಟೆಡ್ ಕಬ್ಬಿಣ. ಹೀಗೆ ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕಗಳು ಇಡಿಟಿಎ, ಡಿಟಿಪಿಎ. ಗಡಸು ಬೋರ್ ನೀರಿನವರು ಇಡಿಟಿಎ ಬದಲು ಡಿಟಿಪಿಎ ಕಬ್ಬಿಣ ಕೇಳಿ, ಪಿಎಚ್ 7 ದಾಟಿದರೆ ಇಡಿಟಿಎ ಹಿಡಿತ ಬಿಡುತ್ತದೆ.

ಎಲಿ ನೋಡಿ ಏನ್ ಕಮ್ಮಿ ಆಗೇತಿ ಅಂತ ಹೇಳಬಹುದಾ?

ಬಹುಮಟ್ಟಿಗೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು, ಸುತ್ತ ಹಳದಿ ಅಂಚು ಅಂದರೆ ಪೊಟ್ಯಾಸಿಯಂ. ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕ. ಜಾವಾ ಫರ್ನ್ ಎಲೆಯ ಹಿಂದೆ ಸಾಲಾಗಿ ಕಪ್ಪು ಚುಕ್ಕೆ ಕಂಡರೆ ರೋಗ ಅಂತ ಕಿತ್ತು ಎಸೆಯಬೇಡಿ, ಅಲ್ಲಿಂದ ಮರಿ ಗಿಡ ಬರುತ್ತವೆ.

ಸಿಒ2 ಕೊಟ್ರ ಜೋರ ಬೆಳಿತಾವಂತ, ಹಾಕ್ಲಾ?

ಗುಳ್ಳೆ ಪೈಪ್ ಇರುವವರೆಗೆ ದುಡ್ಡು ದಂಡ. ಮೇಲ್ಮೈ ಕಲಕಿದಷ್ಟೂ ನೀವು ಕೊಟ್ಟ ಅನಿಲ ಗಾಳಿಗೆ ಹಾರುತ್ತದೆ. ಅದರ ಬದಲು ಗುಳ್ಳೆ ಸ್ವಲ್ಪ ನಿಧಾನ ಮಾಡಿ, ಪೈಪಿನ ಬಾಯಿ ನೀರಿನ ಮೇಲ್ಮೈಗಿಂತ ತುಸು ಕೆಳಗೇ ಇರಲಿ. ಮೇಲ್ಮೈ ಮೆಲ್ಲಗೆ ಅಲುಗಬೇಕು, ಕುದಿಯಬಾರದು. ಮೀನು ಮೇಲೆ ಬಂದು ಬಾಯಿ ಬಡಿದರೆ ಗುಳ್ಳೆ ಮತ್ತೆ ಹೆಚ್ಚಿಸಿ. ಸಿಒ2 ಬದಲಿಗೆ ಅಂತ ಬಾಟಲಿಯಲ್ಲಿ ಬರುವ ದ್ರವ ಕಾರ್ಬನ್‌ಗಳಲ್ಲಿ ಹೆಚ್ಚಿನವು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕ. ಅದು ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್‌ಗಳನ್ನು ಕರಗಿಸುತ್ತದೆ.

ರಿವರ್ಸ್ ಫ್ಲೋ ಅಂದ್ರೇನು? ಗಿಡಕ್ಕ ಚಲೋನಾ?

ಗುಳ್ಳೆಯ ಬದಲು ಪವರ್‌ಹೆಡ್, ಅಂದರೆ ನೀರಿನಲ್ಲಿ ಮುಳುಗಿಸಿಡುವ ಸಣ್ಣ ನೀರಿನ ಪಂಪ್, ಹಚ್ಚಿ, ಪೈಪಿನಲ್ಲಿ ನೀರನ್ನು ಕೆಳಗೆ ತಳ್ಳುವುದು. ನೀರು ಪ್ಲೇಟಿನ ಕೆಳಗಿಂದ ಕಲ್ಲಿನ ಮೂಲಕ ಮೇಲೆ ಬರುತ್ತದೆ. ಹೊಲಸು ಕಲ್ಲಿನೊಳಗೆ ಇಳಿಯುವುದಿಲ್ಲ, ಮೇಲ್ಮೈಯೂ ಹೆಚ್ಚು ಕಲಕುವುದಿಲ್ಲ. ಆದರೆ ಪವರ್‌ಹೆಡ್ಡಿನ ಬಾಯಿಗೆ ಸ್ಪಂಜ್ ಇರಲೇಬೇಕು, ಅದನ್ನು ವಾರಕ್ಕೊಮ್ಮೆ ಟ್ಯಾಂಕಿನದೇ ನೀರಿನಲ್ಲಿ ಹಿಂಡಬೇಕು. ಮರೆತರೆ ಹೊಲಸೆಲ್ಲ ನೀವೇ ಪ್ಲೇಟಿನ ಕೆಳಗೆ ತುಂಬಿದ ಹಾಗೆ. ಶಿಸ್ತಿನವರಿಗೆ ಚಲೋ, ಸೋಮಾರಿಗಳಿಗೆ ಗುಳ್ಳೆಯೇ ಚಲೋ.

ವ್ಯಾಲಿಸ್ನೇರಿಯಾ ಬೇರು ಪ್ಲೇಟಿನ ತೂತಿನ್ಯಾಗ ಸಿಕ್ಕಾವ. ಎಳೀಲಾ?

ಎಳೆಯಬೇಡಿ, ಪ್ಲೇಟೇ ಎದ್ದು ಬರುತ್ತದೆ. ಆಗ ಕಲ್ಲು ಕೆಳಗೆ ನುಗ್ಗಿದರೆ ಟ್ಯಾಂಕ್ ಪೂರ್ತಿ ಬಿಚ್ಚುವುದೊಂದೇ ದಾರಿ. ಗಿಡದ ಬುಡದ ಹತ್ತಿರ ಕಲ್ಲು ಸರಿಸಿ, ಉದ್ದ ಕತ್ತರಿಯಿಂದ ಬೇರು ಕತ್ತರಿಸಿ, ಗಿಡ ಮಾತ್ರ ತೆಗೆಯಿರಿ. ಒಂದೇ ಸಲ ಹತ್ತಾರು ಗಿಡ ಕತ್ತರಿಸಿದರೆ ಕೆಳಗೆ ಉಳಿದ ಬೇರು ಕೊಳೆಯುತ್ತದೆ, ವಾರಕ್ಕೆ ಎರಡು-ಮೂರು ಸಾಕು. ಪ್ಲೇಟಿನ ಮೇಲೆ ಸೊಳ್ಳೆಪರದೆಯಂಥ ನೈಲಾನ್ ಜಾಳಿಗೆ ಹಾಸುವವರೂ ಇದ್ದಾರೆ. ಬೇರು ಒಂದಿಷ್ಟು ತಡೆಯುತ್ತದೆ, ಆದರೆ ಜಾಳಿಗೆ ಬೇಗ ಕಟ್ಟಿಕೊಳ್ಳುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ.

ಪ್ಲೇಟ್ ತೆಗೆದು ಸ್ಪಂಜ್ ಫಿಲ್ಟರ್ ಹಾಕಬೇಕಂತ ಮಾಡೀನಿ. ಮೀನು ಉಳಿತಾವಾ?

ಅವಸರ ಮಾಡದಿದ್ದರೆ ಉಳಿಯುತ್ತವೆ. ಮೊದಲು ಸ್ಪಂಜ್ ಫಿಲ್ಟರನ್ನು ಅದೇ ಟ್ಯಾಂಕಿನಲ್ಲಿ ಪ್ಲೇಟಿನ ಜೊತೆಗೇ ಒಂದು ತಿಂಗಳು ಓಡಿಸಿ, ಬ್ಯಾಕ್ಟೀರಿಯಾ ಅದರಲ್ಲೂ ಕೂರಲಿ. ಕಿತ್ತುವ ದಿನ ಮೀನು, ಗಿಡ, ಸ್ಪಂಜ್ ಮೂರನ್ನೂ ಹಳೆಯ ನೀರಿನ ಬಕೆಟ್ಟಿಗೆ ಹಾಕಿ, ಏರ್ ಪಂಪ್ ಅಲ್ಲಿಗೆ ಜೋಡಿಸಿ. ಮೀನು ಟ್ಯಾಂಕಿನಲ್ಲಿ ಇರುವಾಗ ಪ್ಲೇಟ್ ಎತ್ತಲೇಬೇಡಿ. ವರ್ಷಗಟ್ಟಲೆ ಕೂಡಿದ ಗಸಿ ಒಮ್ಮೆಲೇ ಎದ್ದರೆ ನಿಮಿಷಗಳಲ್ಲಿ ಉಸಿರುಗಟ್ಟುತ್ತದೆ. ಕಲ್ಲಿನಲ್ಲಿ ಅರ್ಧದಷ್ಟನ್ನು ಟ್ಯಾಂಕಿನ ನೀರಿನಲ್ಲೇ ಜಾಲಾಡಿ ವಾಪಸ್ ಹಾಕಿ. ಎರಡು ವಾರ ಮೀನಿಗೆ ಆಹಾರ ಅರ್ಧ ಹಾಕಿ, ದಿನ ಬಿಟ್ಟು ದಿನ ಐದನೇ ಒಂದು ಭಾಗ ನೀರು ಬದಲಿಸಿ. ಬಕೆಟ್ಟಿನಲ್ಲಿ ಕಪ್ಪಗೆ ಉಳಿದ ಗಸಿಯ ನೀರನ್ನು ಚರಂಡಿಗೆ ಚೆಲ್ಲಬೇಡಿ, ಮಲ್ಲಿಗೆ ಬಳ್ಳಿಗೋ ಕರಿಬೇವಿಗೋ ಹಾಕಿ.